ಹಳೆಯ ಬ್ರೌಸರ್ ಕಾಯುವ ಅಂಬಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸನತ್‌ನಗರದ ಕಾರ್ಖಾನೆಗಳ ಸಂದಿಯಲ್ಲಿರುವ ಧರ್ಮಾಸ್ಪತ್ರೆಯೊಂದರ ಹಿಂಬಾಗಿಲು ತೆರೆದು ಅಂಬಣ್ಣ ನೀರಿನ ಕೋಣೆಗೆ ಬರುತ್ತಾರೆ. ಚಪ್ಪಲಿ ಹೊರಗೆ ಬಿಡುತ್ತಾರೆ, ಮೋಟಾರಿನ ಮೈ ಮುಟ್ಟಿ ನೋಡುತ್ತಾರೆ, ಆಮೇಲೆ ಮೂಲೆಯ ಹಳೇ ಕಂಪ್ಯೂಟರಿನ ಮುಂದೆ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. ಪರದೆಯ ಮೇಲೆ ಬ್ರೌಸರ್ ತೆರೆದುಕೊಳ್ಳುತ್ತದೆ. ಎಂಥ ಬ್ರೌಸರ್ ಅಂತೀರಿ! ಈಗಿನ ಹುಡುಗರು ಕಂಡರೆ ಫೋಟೊ ತೆಗೆದು ನಕ್ಕಾರು, ಅಷ್ಟು ಹಳೇದು. ಅದರಲ್ಲಿ ಒಂದೇ ಒಂದು ಪುಟ. ಪುಟದಲ್ಲಿ ನೀರಿನ ಒತ್ತಡ, ಉಪ್ಪಿನಂಶ ತೋರಿಸುವ ಮುಳ್ಳುಗಳು. ಅವು ಹಸಿರಿನಲ್ಲಿ ನಿಲ್ಲುವ ತನಕ ಅಂಬಣ್ಣ ಚಹಾ ಮುಟ್ಟುವುದಿಲ್ಲ. ನಿಂತ ಮೇಲೆ ಬಾಗಿಲಿಗೆ ಹೋಗಿ ನರ್ಸ್ ಶ್ರೀವಿದ್ಯಾಗೆ ಕೂಗಿ ಹೇಳುತ್ತಾರೆ: "ನೀಳ್ಳು ಬಾಗುನ್ನಾಯಿ ಸಿಸ್ಟರ್." ನೀರು ಚೆನ್ನಾಗಿದೆ ಎಂಬ ಆ ಮಾತು ಕಿವಿಗೆ ಬಿದ್ದ ಮೇಲೇ ಡಯಾಲಿಸಿಸ್ ಹಾಲಿನಲ್ಲಿ ಮೊದಲ ಪಾಳಿಯ ರೋಗಿಗಳ ಕೈಗೆ ಸೂಜಿ ಇಳಿಯುವುದು.

ಮೂತ್ರಪಿಂಡ ಕೈಕೊಟ್ಟವರ ರಕ್ತ ತೊಳೆಯಲು ಅಪ್ಪಟ ನೀರು ಬೇಕು. ಈ ಆಸ್ಪತ್ರೆಯ ನೀರು ಸೋಸುವ ಯಂತ್ರದ ಮೈಮೇಲಿನ ಗುಂಡಿಗಳು ಸತ್ತು ಯಾವ ಕಾಲವಾಯಿತೋ. ಯಂತ್ರ ಮಾಡಿದ ಕಂಪನಿ ಬಾಗಿಲು ಹಾಕಿದೆ. ಉಳಿದಿರುವುದು ಕಂಪ್ಯೂಟರಿನಲ್ಲಿ ತೆರೆಯುವ ಆ ಪುಟವೊಂದೇ. ಪುಟ ನಡೆಯಬೇಕಾದರೆ ಬ್ರೌಸರಿಗೆ ಜೋಡಿಸುವ ಪ್ಲಗಿನ್ ಎಂಬ ಒಂದು ಹಳೇ ತುಣುಕು ಬೇಕು, ಹೊಸ ಬ್ರೌಸರುಗಳು ಆ ಪ್ಲಗಿನ್ನನ್ನು ಎಂದೋ ಹೊರಗೆ ಹಾಕಿವೆ. ಹಾಗಾಗಿ ಲೋಕವೆಲ್ಲ ಅಪ್‌ಡೇಟ್ ಅಪ್‌ಡೇಟ್ ಎಂದು ಬಡಕೊಳ್ಳುತ್ತಿರುವಾಗ ಈ ಒಂದು ಬ್ರೌಸರ್ ಮಾತ್ರ ಅಪ್‌ಡೇಟ್ ಆಗದಂತೆ ಕಾಯುವುದು ಅಂಬಣ್ಣನವರ ಕೆಲಸ. ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಅದರ ಗುಣ ಮೆಚ್ಚಿ ಹಾಕಿದ್ದಲ್ಲ, ಪುಕ್ಕಟೆ ಸಿಗುತ್ತದೆಂದು ಆಸ್ಪತ್ರೆ ನಡೆಸುವ ಟ್ರಸ್ಟಿನವರು ಹಾಕಿಸಿದ್ದು. ದೇಶಕ್ಕೆಲ್ಲ ಕಾಣುವಂತೆ ಎದುರಿನ ಲಾಬಿಗೆ ಗಾಜು ಹಾಕಿಸಲು ಅವರಿಗೆ ಯಾವ ಅಡ್ಡಿಯೂ ಬರಲಿಲ್ಲ, ಆ ಮಾತು ಬೇರೆ.

ಅಂಬಣ್ಣ ಹುಟ್ಟಿದ್ದು ಸೇಡಂ ಕಡೆ, ಬೆಳೆದದ್ದೆಲ್ಲ ಹೈದರಾಬಾದ್. ತಂದೆ ವಿದ್ಯುತ್ ಇಲಾಖೆಯ ಗುಮಾಸ್ತರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಕೆಲಸದಲ್ಲಿ ಹಿಂದಿ. ನಾರಾಯಣಗೂಡದ ಕೋಚಿಂಗ್ ಸೆಂಟರೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತ ಲಿನಕ್ಸ್ ಕಲಿತರು. ಸೆಂಟರಿನವರು ಲ್ಯಾಬ್ ಮುಚ್ಚಿದಾಗ ಇವರನ್ನೂ ಹಳೇ ಕೀಬೋರ್ಡಿನ ಹಾಗೆ ಹೊರಗಿಟ್ಟರು. ಆಸ್ಪತ್ರೆ ಗುತ್ತಿಗೆಯ ಮೇಲೆ ತಗೊಂಡಿತು. ಕೊರಳಲ್ಲಿ ನೇತಾಡುವ ಬಿಲ್ಲೆಯಲ್ಲಿ ಇವತ್ತಿಗೂ 'ಹೆಲ್ಪರ್' ಅಂತಲೇ ಇದೆ. ಕಾಯಂ ಮಾಡಿ ಎಂದು ಕೇಳಿ ಕೇಳಿ ಬಾಯಿ ನೋಯಿತೇ ಹೊರತು ಆಗಲಿಲ್ಲ.

"ನನ್ನ ಕೆಲಸ ಹೆಂಗಂದ್ರ, ಚಲೋ ನಡೆದಷ್ಟು ದಿನ ಯಾರಿಗೂ ಕಾಣಂಗಿಲ್ರಿ," ಎನ್ನುತ್ತಾರೆ. "ಕಂಡ ದಿನ ಎಲ್ಲಾರೂ ನನ್ನ ಹುಡುಕ್ಕೋತ ಬರತಾರ."

ಹಾಗೆ ಹುಡುಕಿಕೊಂಡು ಬಂದ ದಿನವೂ ಒಂದಿದೆ. ಅದನ್ನು ಹೇಳುವಾಗ ಅಂಬಣ್ಣ ಪರದೆಯನ್ನೇ ನೋಡುತ್ತಾರೆ, ಎದುರಿಗಿದ್ದವರ ಮುಖ ನೋಡುವುದಿಲ್ಲ.

ಹಳೇ ಕಂಪ್ಯೂಟರ್ ಕೆಟ್ಟು ಬೇರೆಯದು ಬಂದಿತ್ತು. ಅದಕ್ಕೆ ಹೊಸ ಲಿನಕ್ಸ್. ಅಂಬಣ್ಣ ಅದರಲ್ಲಿ ಹಳೇ ಬ್ರೌಸರ್ ಕೂರಿಸಿ, ಎಂದಿನ ಹಾಗೆ ಅದಕ್ಕೆ ತಡೆ ಹಾಕಿದರು. ಸಿಸ್ಟಂ ತನ್ನ ಪಾಡಿಗೆ ಬೇರೆಲ್ಲ ಹೊಸದು ಮಾಡಿಕೊಳ್ಳಲಿ, ಇದೊಂದನ್ನು ಮುಟ್ಟಬಾರದು ಎನ್ನುವ ತಡೆ. ಆದರೆ ಹೊಸ ಲಿನಕ್ಸ್ ತಂದ ಬ್ರೌಸರ್ ಬೇರೆ ಡಬ್ಬಿಯಲ್ಲಿ, ಅಂದರೆ ಬೇರೆ ಬಗೆಯ ಪ್ಯಾಕೇಜಿನಲ್ಲಿತ್ತು. ಆ ಡಬ್ಬಿ ಈ ತಡೆಯನ್ನು ಕೇಳುವುದಿಲ್ಲ, ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಗಿ ಹಳೆಯದರ ಜಾಗದಲ್ಲಿ ತಾನೇ ತೆರೆದುಕೊಳ್ಳುತ್ತದೆ. ಅದು ಅಂಬಣ್ಣನಿಗೆ ಗೊತ್ತಿರಲಿಲ್ಲ. ಇಂಟರ್ನೆಟ್ ವೈರು ಕಿತ್ತಿಡಲೇ ಎಂದು ಆಡಳಿತಾಧಿಕಾರಿಯನ್ನು ಕೇಳಿದ್ದರಂತೆ. ಟ್ರಸ್ಟಿನ ದೊಡ್ಡವರಿಗೆ ಮುಳ್ಳುಗಳು ಫೋನಿನಲ್ಲಿ ಕಾಣಬೇಕು, ವೈರು ಇರಲಿ ಎಂದು ಆತ ಹೇಳಿದನಂತೆ. ದೊಡ್ಡವರು ಒಂದು ದಿನವೂ ನೋಡಿದ್ದಿಲ್ಲ.

ಭಾನುವಾರ ಡಯಾಲಿಸಿಸ್ ಹಾಲಿಗೆ ರಜೆ. ಆ ಭಾನುವಾರವೇ ಬ್ರೌಸರ್ ಹೊಸದಾಯಿತು. ಸೋಮವಾರ ನಸುಕಿನಲ್ಲಿ ಅಂಬಣ್ಣ ಪುಟ ತೆರೆದರೆ ಬಿಳಿ ಪರದೆ. ಪೆನ್‌ಡ್ರೈವಿನಲ್ಲಿದ್ದ ಹಳೇದನ್ನು ಮತ್ತೆ ಹಾಕಿದರು. ಅದು, ನನ್ನ ಸೆಟ್ಟಿಂಗುಗಳನ್ನು ಹೊಸಬ ತೆರೆದು ಬಿಟ್ಟಿದ್ದಾನೆ, ನಾನು ಮುಟ್ಟುವುದಿಲ್ಲ ಎಂದು ಮುನಿಸಿಕೊಂಡಿತು. ಎಲ್ಲವನ್ನೂ ಮೊದಲಿಂದ ಕಟ್ಟಿ ಮುಳ್ಳು ಹಸಿರಿಗೆ ಬರುವಷ್ಟರಲ್ಲಿ ಮಧ್ಯಾಹ್ನ. ಮೊದಲ ಪಾಳಿಯವರನ್ನು ಅಷ್ಟೊತ್ತಿಗೆ ನಾಳೆ ಬನ್ನಿ ಎಂದು ಮನೆಗೆ ಕಳಿಸಿ ಆಗಿತ್ತು.

ಮೊದಲ ಪಾಳಿಯಲ್ಲಿ ಬಂಡೆಮ್ಮ ಇದ್ದಳು. ಯಾದಗಿರಿ ಕಡೆಯವಳು, ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದಳು. ಇಡೀ ಹಾಲಿನಲ್ಲಿ ಅಂಬಣ್ಣನ ಜೊತೆ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ. ರಜೆಯ ದಿನ ದಾಟಿ ಬಂದವರ ಮೈಯಲ್ಲಿ ನೀರು ತುಂಬಿಕೊಂಡಿರುತ್ತದೆ, ಸೋಮವಾರ ತಪ್ಪಬಾರದು. ಅವಳಿಗೆ ತಪ್ಪಿತು. ಸಂಜೆಗೆ ಉಸಿರು ಕಟ್ಟಿತು, ದೊಡ್ಡಾಸ್ಪತ್ರೆಗೆ ಒಯ್ಯುವಾಗ ಆಟೋದಲ್ಲೇ ಹೋದಳು.

ಆಸ್ಪತ್ರೆ ವಿಚಾರಣೆ ಮಾಡಿತು. ಸಿಬ್ಬಂದಿಯ ನಿರ್ಲಕ್ಷ್ಯ ಎಂದು ಅಂಬಣ್ಣನ ತಲೆಗೆ ಕಟ್ಟಿ ಉಳಿದವರೆಲ್ಲ ಕೈತೊಳೆದುಕೊಂಡರು. ವೈರಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕೆಲಸದಿಂದ ತೆಗೆಯಲಿಲ್ಲ, ತೆಗೆದರೆ ಆ ಕಂಪ್ಯೂಟರ್ ಮುಟ್ಟುವವರು ಬೇರೆ ಯಾರಿದ್ದರು? ಈ ಅನ್ಯಾಯಕ್ಕೆ ಅಂಬಣ್ಣ ಸಿಟ್ಟಾಗಲಿ ಎಂದು ಕೇಳುವವರು ಕಾಯುತ್ತಾರೆ. ಅಂಬಣ್ಣ ಸಿಟ್ಟಾಗುವುದಿಲ್ಲ.

"ತಪ್ಪು ನಂದೂ ಐತ್ರಿ. ಹೊಸಾದು ಬಂದಾಗ ಓದಬೇಕಿತ್ತು, ಓದಲಿಲ್ಲ. ಗೊತ್ತೈತಿ ಅನ್ನೋ ಸೊಕ್ಕು. ಅವರ ಪಾಲಿನ ತಪ್ಪು ಅವರು ಹೊರಲಿ ಬಿಡಲಿ, ನಂದು ನಾ ಹೊರಾಕತ್ತೀನಿ."

ಈಗ ಹಳೇ ಬ್ರೌಸರ್ ಬೇರೆಯದೇ ಫೋಲ್ಡರಿನಲ್ಲಿದೆ. ಅಪ್‌ಡೇಟ್ ಹುಡುಕುವ ಕೆಲಸವನ್ನು ಅದರೊಳಗೇ ಬಂದ್ ಮಾಡಿದ್ದಾರೆ. ಆ ಫೋಲ್ಡರಿನಲ್ಲಿ ಬರೆಯುವ ಹಕ್ಕು ಬ್ರೌಸರಿಗೂ ಇಲ್ಲ. ಸೆಟ್ಟಿಂಗುಗಳು ಪ್ರತ್ಯೇಕ, ಹೊಸ ಬ್ರೌಸರನ್ನು ಬೇರುಸಮೇತ ತೆಗೆದಾಗಿದೆ. ಇಂಟರ್ನೆಟ್ ವೈರನ್ನು ಯಾರನ್ನೂ ಕೇಳದೆ ಕತ್ತರಿಸಿದ್ದಾರೆ, ಕಿತ್ತಿದ್ದರೆ ಯಾರಾದರೂ ಮತ್ತೆ ಚುಚ್ಚಿಯಾರು ಎಂದು. ಇಷ್ಟಾಗಿಯೂ ಭಾನುವಾರ ರಜೆಯ ದಿನ ಬಂದು ಒಮ್ಮೆ ತೆರೆದು ನೋಡಿ ಹೋಗುತ್ತಾರೆ.

ಮೊನ್ನೆ ಕೊಂಡಾಪುರದ ಕಂಪನಿಯೊಂದರಿಂದ ನಿಶಾಂತ ಎಂಬ ಮೈಸೂರಿನ ಹುಡುಗ ಆಸ್ಪತ್ರೆಯ ಕಂಪ್ಯೂಟರುಗಳ ತಪಾಸಣೆಗೆ ಬಂದಿದ್ದ. ಇಷ್ಟು ಹಳೇ ಬ್ರೌಸರ್ ಅಪಾಯ, ಇದನ್ನು ಇಟ್ಟುಕೊಳ್ಳಬಾರದು ಎಂದ. ಹೌದು, ನಾನೂ ಅದನ್ನೇ ಹೇಳುತ್ತೇನೆ, ಸತ್ತ ಗುಂಡಿಗಳ ಬದಲು ಯಂತ್ರಕ್ಕೆ ಹೊಸ ಪ್ಯಾನೆಲ್ ಕೊಡಿಸಿ ಎಂದರು ಅಂಬಣ್ಣ. ಇಬ್ಬರೂ ಕೂಡಿ ಆಡಳಿತಾಧಿಕಾರಿಯ ಕೋಣೆಗೆ ಹೋಗಿ ಹೇಳಿದರು. ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು. ಇದೇ ಉತ್ತರವನ್ನು ಬಂಡೆಮ್ಮ ಬದುಕಿದ್ದಾಗಲೂ ಕೊಟ್ಟಿದ್ದರು.

ಹೊಸ ಪ್ಯಾನೆಲ್ ಬಂದರೆ ಹಳೇ ಬ್ರೌಸರಿನ ಜೊತೆ ಅಂಬಣ್ಣನ ಗುತ್ತಿಗೆಯೂ ಮುಗಿಯುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತು. "ಮುಗೀಲ್ರಿ," ಎನ್ನುತ್ತಾರೆ. "ಬರೆಯೋದಾದ್ರ ನನ್ನ ಬಗ್ಗೆ ಬ್ಯಾಡ, ಪ್ಯಾನೆಲ್ ಬಗ್ಗೆ ಬರೀರಿ. ನಾ ಎಲ್ಲೆರ ದುಡಕೊಂಡು ತಿಂತೀನಿ."

ಮೊದಲ ಪಾಳಿ ಶುರುವಾಗಿದೆ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಲಗಿರುವವಳು ಬಂಡೆಮ್ಮನ ಮಗಳು ಅನ್ನಮ್ಮ. ತಾಯಿಯ ಕಾಯಿಲೆಯೇ ಮಗಳಿಗೂ ಬಂದಿದೆ, ಬಡವರಿಗೆ ಬೇರೆ ಆಸ್ಪತ್ರೆ ಎಲ್ಲಿಂದ ಬರಬೇಕು? ಅಂಬಣ್ಣ ಹಾಲಿನಲ್ಲಿ ಪೈಪು ನೋಡಲು ಬಂದಾಗಲೆಲ್ಲ ಅವಳು ಗೋಡೆಯ ಕಡೆ ಹೊರಳುತ್ತಾಳೆ. ಇವತ್ತೂ ಹೊರಳಿದ್ದಾಳೆ. ಆದರೆ ನೀರು ಚೆನ್ನಾಗಿದೆ ಎಂದು ಅಂಬಣ್ಣ ಹೇಳುವ ತನಕ ಸೆರಗಿನೊಳಗಿದ್ದ ಕೈ, ಹೇಳಿದ ಮೇಲೆ ಸೂಜಿಗೆಂದು ಹೊರಗೆ ಬಂದಿದೆ.

"ಅಕಿ ನನ್ನ ಕೂಡ ಮಾತಾಡಂಗಿಲ್ರಿ," ಎಂದು ಅಂಬಣ್ಣ ಮೆಲ್ಲಗೆ ಹೇಳುತ್ತಾರೆ. "ಮಾತು ಬ್ಯಾಡ. ನನ್ನ ನೀರಿಗೆ ಕೈ ಚಾಚತಾಳ, ಅಷ್ಟ ಸಾಕು."