ಮಗ್ಗದ ಮೇಲೆ ಹಾಯ್ದ ಕೂಗು

ಸಿದ್ದೇಶ ಕೇಳುತ್ತಿದ್ದ ಸಂಗೀತವನ್ನು ಕುರುಬರಹಳ್ಳಿಯ ಆ ಬೀದಿಯಲ್ಲಿ ಯಾರೂ ಸಂಗೀತವೆಂದು ಒಪ್ಪಿಕೊಂಡಿರಲಿಲ್ಲ. ಪಕ್ಕದ ಮನೆಯ ಗುರವ್ವ ಒಂದು ದಿನ ಗೋಡೆಯಾಚೆಯಿಂದ ಅದನ್ನು ಕೇಳಿ, ಮೋಟರು ಕೆಟ್ಟಿತೆಂದು ಸಂಪಿನ ಮುಚ್ಚಳ ತೆಗೆದು ನೋಡಿದ್ದಳು. ಆಕೆಯದು ತಪ್ಪೆನ್ನುವ ಹಾಗಿಲ್ಲ. ಅಟ್ಮಾಸ್ಫಿಯರಿಕ್ ಬ್ಲ್ಯಾಕ್ ಮೆಟಲ್ ಎಂಬ ಆ ಉದ್ದ ಹೆಸರಿನ ಸಂಗೀತವನ್ನು ಮೊದಲ ಸಲ ಕೇಳಿದ ಯಾರಿಗಾದರೂ ಏನೋ ಕೆಟ್ಟಿದೆ ಅಂತಲೇ ಅನ್ನಿಸುತ್ತದೆ. ಡ್ರಮ್ಮು ಓಡುವ ವೇಗಕ್ಕೆ ಪೆಟ್ಟುಗಳು ಬೇರೆ ಬೇರೆಯಾಗಿ ಕೇಳುವುದು ನಿಂತು, ತಗಡಿನ ಮೇಲೆ ಮಳೆ ಹೊಯ್ದ ಹಾಗೆ ಒಂದೇ ಸಮನೆ ಆಗಿಬಿಡುತ್ತದೆ. ಗಿಟಾರನ್ನು ಮೀಟಿ ಬಿಡುವುದಿಲ್ಲ, ತಂತಿಯನ್ನು ನಡುಗಿಸುತ್ತಲೇ ಇರುತ್ತಾರೆ. ಹಿಂದೆ ಕೀಬೋರ್ಡು ತಂಬೂರಿಯಂತೆ ಶ್ರುತಿ ಹಿಡಿದು ನಿಂತಿರುತ್ತದೆ. ಇಷ್ಟರ ಆಚೆ, ತುಂಬಾ ದೂರದಲ್ಲಿ, ಯಾರೋ ಚೀರುತ್ತಿರುತ್ತಾರೆ. ಮಾತು ತಿಳಿಯುವುದಿಲ್ಲ. ಎಷ್ಟೋ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಎಲ್ಲೋ ಒಂದು ಕಡೆ ರಾಗ ಒಂದು ಸ್ವರದಷ್ಟು ಕೆಳಗಿಳಿಯುತ್ತದೆ, ಕೇಳುವವನ ಎದೆ ಹಿಂಡಿದಂತಾಗುತ್ತದೆ. ಅಷ್ಟೇ ಅದರ ಕತೆ.

ಸಿದ್ದೇಶನಿಗೆ ಮಾತ್ರ ಅದು ಮೊದಲ ಸಲಕ್ಕೇ ಮನೆಯ ಸದ್ದಿನಂತೆ ಕೇಳಿತು. ಕಾರಣ, ಚಿಕ್ಕಹನುಮಯ್ಯನವರ ಮಗ್ಗದ ಶೆಡ್ಡು. ಅಪ್ಪ ಬೆಟ್ಟಯ್ಯ ಅಲ್ಲಿ ಪವರ್‌ಲೂಮ್ ಓಡಿಸುತ್ತಿದ್ದ. ಅಮ್ಮ ನರಸಮ್ಮ ಅದೇ ಶೆಡ್ಡಿನ ಮೂಲೆಯಲ್ಲಿ ಲಾಳಿಗೆ ಬೇಕಾದ ನೂಲನ್ನು ಕಂಡಿಕೆ ಎಂಬ ಪುಟ್ಟ ಕೊಳವೆಗೆ ಸುತ್ತುತ್ತಿದ್ದಳು. ಸಿದ್ದೇಶ ಹುಟ್ಟಿದಾಗ ಸೀರೆಯ ಜೋಲಿ ಕಟ್ಟಿದ್ದೂ ಆ ಮೂಲೆಯಲ್ಲೇ. ಮಗ್ಗ ಓಡುತ್ತಿದ್ದರೆ ಮಗು ನಿದ್ದೆ ಮಾಡುತ್ತಿತ್ತು, ಕರೆಂಟು ಹೋಗಿ ಮಗ್ಗ ನಿಂತರೆ ಎದ್ದು ಅಳುತ್ತಿತ್ತು. ಹತ್ತನೇ ಕ್ಲಾಸಿಗೇ ಓದು ಸಾಕಾಯಿತು. ಅಪ್ಪ ತೀರಿಕೊಂಡ ಮೇಲೆ ಅಪ್ಪನ ಮಗ್ಗಕ್ಕೆ ಅವನೇ ನಿಂತ.

ಆ ಶೆಡ್ಡಿನಲ್ಲಿ ಒಬ್ಬರನ್ನೊಬ್ಬರು ಕರೆಯುವುದಕ್ಕೆ ಒಂದು ಕ್ರಮವಿತ್ತು. ಗಂಟಲು ಹರಿಯುವಂತೆ ಅರಚಿದರೆ ಪ್ರಯೋಜನವಿಲ್ಲ. ದಪ್ಪ ದನಿಯನ್ನು ಮಗ್ಗ ನುಂಗಿಬಿಡುತ್ತದೆ. ಹೆಂಗಸರು ದನಿಯನ್ನು ನೂಲಿನಷ್ಟು ಸಣ್ಣಗೆ ಮಾಡಿ ಎತ್ತರಕ್ಕೆ ಎಸೆಯುತ್ತಿದ್ದರು. ಅದು ಸದ್ದಿನೊಳಕ್ಕೆ ಇಳಿಯದೆ ಮೇಲಿಂದಲೇ ಹಾಯ್ದು ಬರುತ್ತಿತ್ತು. ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಒಬ್ಬೊಬ್ಬಳದು ಒಂದೊಂದು ಬಗೆಯ ಕೂಗು. ನರಸಮ್ಮನದು ಎರಡು ಗಿಡ್ಡ, ಒಂದು ಉದ್ದ. ಕರೆಸಿಕೊಂಡವನು ತಿರುಗಿ ನೋಡಬೇಕಿಲ್ಲ, ಬಲಗೈ ಎತ್ತಿದರೆ ಸಾಕು, ಕೇಳಿಸಿತು ಬರುತ್ತೇನೆ ಎಂದು ಅರ್ಥ. ಕೈ ಏಳದಿದ್ದರೆ ಇನ್ನೂ ಜೋರಾಗಿ ಕೂಗುವುದು. ಆಗಲೂ ಏಳದಿದ್ದರೆ ಹತ್ತಿರ ಬಂದು ಹೆಗಲು ಮುಟ್ಟುವುದು. ಮಗ್ಗದವರ ಮನೆಗಳಲ್ಲಿ ಹೆಗಲು ಮುಟ್ಟಿ ಮಾತಾಡಿಸುವುದು ಎಷ್ಟು ಮಾಮೂಲಿ ಎಂದರೆ, ಯಾರ ಕಿವಿ ಎಷ್ಟು ಹೋಗಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಬಸವೇಶ್ವರನಗರದ ಅಂಬುಜಾ ಆಂಟಿ ಹಬ್ಬಕ್ಕೆ ಮುಂಚೆ ನೇರವಾಗಿ ಶೆಡ್ಡಿಗೇ ಬಂದು ಸೀರೆಗೆ ಚೌಕಾಶಿ ಮಾಡುತ್ತಿದ್ದರು. ಒಂದು ಸಲ ಅವರ ಜೊತೆ ಮಗ ಶ್ರೀಶನೂ ಬಂದಿದ್ದ. ಕಾಲೇಜು ಹುಡುಗ, ಕಪ್ಪು ಟೀ ಶರ್ಟು, ಕಿವಿಗೆ ಇಯರ್‌ಫೋನು. ಅಷ್ಟು ಸದ್ದಿನ ನಡುವೆ ನಿಂತು ಇನ್ನೇನನ್ನು ಕೇಳುತ್ತಾನೆ ಇವನು ಎಂದು ಸಿದ್ದೇಶನಿಗೆ ಕುತೂಹಲವಾಯಿತು. ಇಬ್ಬರೂ ಒಂದೇ ವಯಸ್ಸಿನವರು. ಹೊರಗೆ ಟೀ ಅಂಗಡಿ ಹತ್ತಿರ ಕೇಳಿಯೇಬಿಟ್ಟ. ಶ್ರೀಶ ಇಯರ್‌ಫೋನು ಬಿಚ್ಚಿ ಅವನ ಕಿವಿಗೆ ಇಟ್ಟ.

ಸಿದ್ದೇಶ ಟೀ ಆರುವವರೆಗೂ ಕೇಳಿದ. "ಗುರು, ಇದು ನಮ್ ಶೆಡ್ಡೇ ಅಲ್ವಾ?" ಎಂದ.

"ಶೆಡ್ಡಲ್ಲ ಕಣೋ, ನಾರ್ವೇ," ಎಂದು ಶ್ರೀಶ ನಕ್ಕ. "ಹಿಮ, ಕಾಡು, ಚಳಿಗಾಲ. ಅದರ ಹಾಡು."

ಸಿದ್ದೇಶ ಹಿಮ ಎಂದು ಕಂಡಿದ್ದು ಐಸ್‌ಕ್ಯಾಂಡಿ ಡಬ್ಬದೊಳಗೆ ಮಾತ್ರ. ಆದರೆ ಆ ಸದ್ದು ಅವನಿಗೆ ಗೊತ್ತಿತ್ತು. ಅದರ ಮೇಲೆ ಹಾಯ್ದು ಬರುವ ಚೀರಾಟವಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು.

ಹಾಡನ್ನು ತನ್ನ ಫೋನಿಗೆ ಹಾಕಿಸಿಕೊಂಡು ಬಂದು ಸಂಜೆ ಅಮ್ಮನಿಗೂ ಕೇಳಿಸಿದ. ನರಸಮ್ಮ ಮೊದಲು ಮುಖ ಹಿಂಡಿ, "ಮಗ್ಗಕ್ಕೆ ಎಣ್ಣೆ ಬಿಟ್ಟು ಎಷ್ಟು ದಿನ ಆಯ್ತಂತೋ ಇವ್ರು?" ಎಂದಳು. ಆಮೇಲೆ ಕಿವಿಗೊಟ್ಟು ಕೇಳಿದಳು. "ಅಯ್ಯೋ ಪಾಪ. ಯಾರೋ ಹೆಂಗ್ಸು ಮಗನ್ನ ಕರೀತಾ ಅವ್ಳೆ. ಅವ್ನು ಕೈನೇ ಎತ್ತಾ ಇಲ್ಲ."

"ಹೆಂಗ್ಸಲ್ಲಮ್ಮ, ಗಡ್ಡ ಬಿಟ್ಟಿರೋ ಗಂಡಸು."

"ಯಾರಾದ್ರೇನು, ಕರೀತಾ ಅವ್ರಲ್ಲ," ಎಂದು ಇಯರ್‌ಫೋನು ಕೊಟ್ಟು ಎದ್ದುಹೋದಳು. ಈ ಸಂಗೀತದ ಬಗ್ಗೆ ಇಷ್ಟು ಸರಿಯಾದ ಮಾತನ್ನು ಇನ್ಯಾರೂ ಆಡಿದ್ದು ನನಗೆ ಗೊತ್ತಿಲ್ಲ.

ಅಲ್ಲಿಂದ ಅದು ಅವನಿಗೆ ಅಂಟಿಕೊಂಡಿತು. ಹಳೆಯ ಗಿಟಾರೊಂದನ್ನು ಕೊಂಡು ತಾನೇ ಕಲಿತ. ಶ್ರೀಶ ಬಿಟ್ಟುಕೊಟ್ಟ ಕಂಪ್ಯೂಟರಿನಲ್ಲಿ ತಾನೇ ಬಾರಿಸಿ, ತಾನೇ ಚೀರಿ, ತಾನೇ ರೆಕಾರ್ಡು ಮಾಡತೊಡಗಿದ. ಈ ಸಂಗೀತಕ್ಕೆ ಗುಂಪು ಬೇಕಿಲ್ಲ, ಒಬ್ಬಂಟಿಯಾಗಿ ಒಂದು ಕೋಣೆಯಲ್ಲಿ ಮಾಡಿ ಮುಗಿಸಬಹುದು. ಭಾನುವಾರ ಬೆಳಿಗ್ಗೆ ಇಬ್ಬರೂ ಜ್ಞಾನಭಾರತಿ ಕ್ಯಾಂಪಸ್ಸಿಗೆ ಹೋಗಿ ಬಿದಿರ ಮೆಳೆಯ ಹತ್ತಿರ ಕೂತು ಕೇಳುತ್ತಿದ್ದರು. ನಾರ್ವೇಯ ಕಾಡಿಗೆ ಬದಲಾಗಿ ಇವರ ಪಾಲಿಗೆ ಇದ್ದದ್ದು ಅದೇ. ಶ್ರೀಶ ಓದಿ ವಿಜಯನಗರದ ಕಾಲೇಜೊಂದರಲ್ಲಿ ಮೇಷ್ಟ್ರಾದ ಮೇಲೂ ಭಾನುವಾರ ತಪ್ಪಲಿಲ್ಲ.

ಅಂಥದ್ದೇನಿದೆ ಅದರಲ್ಲಿ ಎಂದು ಕೇಳುವವರಿಗೆ ಸಿದ್ದೇಶ ಇಯರ್‌ಫೋನನ್ನೇ ಕೊಟ್ಟುಬಿಡುತ್ತಿದ್ದ. ನನಗೆ ತೋಚುವುದು ಇಷ್ಟು. ಅವನಿಗೆ ಹೆಣ್ಣು ಸಿಗಲಿಲ್ಲ, ಮಗ್ಗದವನಿಗೆ ಯಾರು ಕೊಡುತ್ತಾರೆ? ಒಂದೊಂದಾಗಿ ಬೀದಿಯ ಶೆಡ್ಡುಗಳೆಲ್ಲ ಮುಚ್ಚುತ್ತಿದ್ದವು. ಕಂಡವರೆಲ್ಲ ಎಲ್ಲಾ ಸರಿಹೋಗುತ್ತೆ ಬಿಡಪ್ಪ ಎನ್ನುತ್ತಿದ್ದರು. ಸರಿಹೋಗುವುದಿಲ್ಲ ಎಂದು ಮುಖಕ್ಕೆ ಹೇಳಿ, ಹೇಳಿದ ಮೇಲೂ ಪಕ್ಕದಲ್ಲೇ ಕೂತಿರುತ್ತಿದ್ದದ್ದು ಆ ಹಾಡುಗಳು ಮಾತ್ರ. ಅದರಲ್ಲಿ ಒಂದು ಬಗೆಯ ವಿಶ್ರಾಂತಿ ಇದೆ. ಸಮಾಧಾನ ಬೇರೆ, ವಿಶ್ರಾಂತಿ ಬೇರೆ.

ವರ್ಷಗಳು ಕಳೆದಂತೆ ಸಂಗೀತ ಇನ್ನೂ ಚೆನ್ನಾಗುತ್ತಾ ಬಂತು. ಮೊದಲು ಹತ್ತಿರದಲ್ಲಿದ್ದ ಚೀರಾಟ ಈಗ ಬೆಟ್ಟದಾಚೆಗೆ ಹೋಗಿತ್ತು, ಗಿಟಾರಿನ ಸುತ್ತ ಮಂಜು ಮುಸುಕಿತ್ತು. "ಹಳೇ ಹಾಡೇ ಮಗಾ, ಈಗ ಇನ್ನೂ ದೂರದಿಂದ ಬರ್ತಾ ಇದೆ," ಎಂದು ಸಿದ್ದೇಶ ಶ್ರೀಶನಿಗೆ ಸಂಭ್ರಮದಿಂದ ಹೇಳುತ್ತಿದ್ದ. ತಾನು ಮಾಡುವ ಹಾಡುಗಳಲ್ಲಿ ಮಾತ್ರ ಕೀರಲು ಸಾಲದೆನಿಸಿ ಹೆಚ್ಚಿಸುತ್ತಲೇ ಹೋದ. ಕಿವಿ ಚುಚ್ಚಿದರೆ ಅದನ್ನೂ ಗುಣವೆಂದೇ ಎಣಿಸುವ ಸಂಗೀತವಾದ್ದರಿಂದ ಶ್ರೀಶನೂ ತಲೆದೂಗುತ್ತಿದ್ದ. ಮನೆಯಲ್ಲಿ ಕುಕ್ಕರ್ ಕೂಗುವುದನ್ನು ನಿಲ್ಲಿಸಿತ್ತು. ಅಮ್ಮ ಹೊರಗೆ ಹೋಗಿದ್ದಾಗ ಬೇಳೆ ಸೀದ ಮೇಲೆ ಸಿದ್ದೇಶ ಅದರ ವೆಯ್ಟು ಬದಲಾಯಿಸಿದ, ಆಮೇಲೆ ಕುಕ್ಕರನ್ನೇ ಬದಲಾಯಿಸಿದ. ನರಸಮ್ಮ ಇನ್ನು ಮುಂದೆ ಒಲೆ ಹತ್ತಿರ ತಾನೇ ಇರುವುದಾಗಿ ಹೇಳಿದಳು.

ಕೊನೆಗೆ ಚಿಕ್ಕಹನುಮಯ್ಯನವರ ಶೆಡ್ಡಿನ ಸರದಿಯೂ ಬಂತು. ಅವರ ಮಕ್ಕಳು ಅಲ್ಲಿ ಪಿಜಿ ಹಾಸ್ಟೆಲು ಕಟ್ಟುತ್ತಾರಂತೆ, ಮಗ್ಗಗಳು ಗುಜರಿಗೆ. ಮಗ್ಗ ಹೋದರೆ ಹೋಗಲಿ, ಅಮ್ಮನ ಕೂಗು ಉಳಿಯಬೇಕು ಎಂದು ಸಿದ್ದೇಶನಿಗೆ ಹಟ ಹುಟ್ಟಿತು. ಅದನ್ನು ಕೂರಿಸಿ ಒಂದು ಹಾಡು ಮಾಡಬೇಕು, ಉಳಿದ ಹಾಡುಗಳನ್ನೆಲ್ಲ ಮಾಡಿದ್ದೇ ಈ ಒಂದಕ್ಕಾಗಿ ಎಂದುಕೊಂಡ. ಕೊನೆಯ ದಿನ ಶ್ರೀಶನ ರೆಕಾರ್ಡರ್ ತಂದು ಸ್ಟೂಲಿನ ಮೇಲಿಟ್ಟು, ಎಲ್ಲ ಮಗ್ಗಗಳನ್ನೂ ಓಡಿಸಿ, ಅಮ್ಮನನ್ನು ಅವಳ ಹಳೆಯ ಮೂಲೆಯಲ್ಲಿ ನಿಲ್ಲಿಸಿದ.

"ನಂಗೆ ನಾಚ್ಕೆ ಆಯ್ತದೆ ಕಣೋ," ಎಂದಳು.

"ನಾನ್ ಆ ಕಡೆ ತಿರುಕ್ಕೊಂಡಿರ್ತೀನಿ, ನೀನು ಕರಿ."

ಅವನು ಬೆನ್ನು ಮಾಡಿ, ರೆಕಾರ್ಡರಿನ ಕೆಂಪು ದೀಪ ನೋಡುತ್ತಾ ಕೂತ. ಸ್ವಲ್ಪ ಹೊತ್ತಿಗೆ ಅಮ್ಮ ಬಂದು ಹೆಗಲು ಮುಟ್ಟಿದಳು. ಅವನ ಮುಖವನ್ನೇ ನೋಡುತ್ತಾ ನಿಂತಳು. "ಆಯ್ತಾ?" ಎಂದು ಅವನು ಕೇಳಿದ. "ಆಯ್ತಪ್ಪಾ," ಎಂದಳು. ಶೆಡ್ಡು ಬಿಟ್ಟುಹೋಗುವ ಸಂಕಟಕ್ಕೆ ಕಣ್ಣು ತುಂಬಿದೆ ಎಂದುಕೊಂಡು ಅವನು ಅವಳ ಕೈ ಹಿಡಿದುಕೊಂಡ.

ಅವನು ಕೆಂಗೇರಿಯ ಕೊರಿಯರ್ ಗೋಡೌನೊಂದರಲ್ಲಿ ಕೆಲಸಕ್ಕೆ ಸೇರಿ ಮೆಟ್ರೋದಲ್ಲಿ ಓಡಾಡತೊಡಗಿದ. ಮನೆಯಲ್ಲಿ ಅಮ್ಮ ಕೂಗುವುದನ್ನು ಬಿಟ್ಟಿದ್ದಳು. ಊಟಕ್ಕೆ ಕರೆಯುವುದಿದ್ದರೂ ಬಂದು ಹೆಗಲು ಮುಟ್ಟುತ್ತಿದ್ದಳು. ಮಗ್ಗವೇ ಇಲ್ಲದ ಮೇಲೆ ಯಾತರ ಮೇಲೆ ಹಾಯಿಸಿ ಕೂಗಬೇಕು ಎಂದು ಅವನೂ ಅದನ್ನು ಒಪ್ಪಿಕೊಂಡಿದ್ದ. ವರ್ಷ ತುಂಬುವುದರೊಳಗೆ ಲಕ್ವ ಹೊಡೆದು ನರಸಮ್ಮ ತೀರಿಕೊಂಡಳು. ಗುರವ್ವ ಹೆಣದ ಮುಂದೆ ಕೂತು, "ಸಂಜೆ ಆಯ್ತು ಅಂದ್ರೆ ಕೂಗ್ತಿದ್ದಲ್ಲೇ ನರ್ಸಕ್ಕಾ, ನಮ್ಮನೆ ಗಂಟ ಕೇಳ್ತಿತ್ತಲ್ಲೇ, ಇನ್ ಯಾರು ಕೂಗ್ತಾರೆ," ಎಂದು ಗೋಳಾಡಿದಳು. ದುಃಖದಲ್ಲಿ ಯಾವಾಗಿನದನ್ನೋ ಈಗಿನದೆಂದು ಹೇಳುತ್ತಿದ್ದಾಳೆ ಎಂದುಕೊಂಡ ಸಿದ್ದೇಶ.

ಹೊಸ ಕೆಲಸದ ಗಡಿಬಿಡಿಯಲ್ಲಿ ಮುಟ್ಟದೆ ಇಟ್ಟಿದ್ದ ರೆಕಾರ್ಡಿಂಗನ್ನು ತಿಥಿ ಮುಗಿದ ಮೇಲೆ ತೆಗೆದು ಕೇಳಿದ. ಬರೀ ಮಗ್ಗ. ಮತ್ತೆ ಮತ್ತೆ ಕೇಳಿದ, ದಪ್ಪ ಸದ್ದನ್ನೆಲ್ಲ ಕಡಿಮೆ ಮಾಡಿ ಸಣ್ಣದನ್ನು ಮೇಲೆತ್ತಿದ, ಇನ್ನೂ ಎತ್ತಿದ. ಅಮ್ಮ ಇರಲಿಲ್ಲ. ನಾಚಿಕೊಂಡು ಮೆಲ್ಲಗೆ ಕರೆದಿರಬೇಕು, ಮಗ್ಗ ನುಂಗಿರಬೇಕು. ಇದ್ದದ್ದರ ಮೇಲೆಯೇ ಗಿಟಾರು ಕೂರಿಸಿ, ಡ್ರಮ್ಮಿನ ಬದಲು ಮಗ್ಗವನ್ನೇ ಬಿಟ್ಟು ಹಾಡು ಮುಗಿಸಿದ. ತಾನು ಚೀರಬೇಕಾದ ಕಡೆ ಚೀರಲು ಮನಸ್ಸಾಗಲಿಲ್ಲ, ಖಾಲಿ ಬಿಟ್ಟ.

ಭಾನುವಾರ ಬಿದಿರ ಮೆಳೆಯ ಹತ್ತಿರ ಅದನ್ನು ಫೋನಿನ ಸ್ಪೀಕರಿನಲ್ಲೇ ಶ್ರೀಶನಿಗೆ ಕೇಳಿಸಿದ. ಅರ್ಧ ಆಗುತ್ತಿದ್ದಂತೆ ಶ್ರೀಶ ಕಿವಿ ಮುಚ್ಚಿಕೊಂಡ. "ಹಾಡು ಸಕತ್ತಾಗಿದೆ ಕಣೋ. ಆದ್ರೆ ಅಮ್ಮನ ಕೂಗನ್ನ ಯಾಕೋ ಇಷ್ಟ್ ಜೋರಾಗಿ ಇಟ್ಟಿದೀಯ?"

"ಯಾವ ಕೂಗು? ಅದು ಬಂದೇ ಇಲ್ವಲ್ಲ."

ಶ್ರೀಶ ಅವನ ಮುಖ ನೋಡಿದ. ಹಾಡನ್ನು ಹಿಂದಕ್ಕೆ ಸರಿಸಿ ಮತ್ತೆ ಹಾಕಿದ. ವಾಕಿಂಗ್ ಹೋಗುತ್ತಿದ್ದ ಹೆಂಗಸೊಬ್ಬರು ನಿಂತು, ಯಾರು ಕರೆದರೆಂದು ಸುತ್ತ ತಿರುಗಿ ನೋಡಿದರು. ಮಲಗಿದ್ದ ನಾಯಿ ಕಿವಿ ನಿಮಿರಿಸಿ ಎದ್ದಿತು. ಸಿದ್ದೇಶ ಹೆಂಗಸನ್ನೂ ನಾಯಿಯನ್ನೂ ನೋಡಿದ, ಆಮೇಲೆ ಫೋನನ್ನು ನೋಡಿದ. ಅವನಿಗೆ ಕೇಳಿಸುತ್ತಿದ್ದದ್ದು ಮಗ್ಗ ಮಾತ್ರ.

ವಿಜಯನಗರದ ಕಿವಿ ಡಾಕ್ಟರು ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಬೆರಳು ಎತ್ತಿ ಎಂದರು. ಎಷ್ಟೋ ಹೊತ್ತು ಬೆರಳು ಏಳಲಿಲ್ಲ. ಮಗ್ಗ ಒಳಗಿನ ನರವನ್ನು ತಿಂದಿದೆ, ಉಳಿದಿದ್ದನ್ನು ಹೆಡ್‌ಫೋನು ಕೆಡಿಸಿದೆ. ಎತ್ತರದ ಶ್ರುತಿಯ ಸಣ್ಣ ಸದ್ದುಗಳು ಹೋಗಿ ವರ್ಷಗಳೇ ಆಗಿವೆ, ಅವು ಮರಳಿ ಬರುವುದಿಲ್ಲ, ಉಳಿದವೂ ಹೋಗುತ್ತವೆ ಎಂದರು. ಬೆಟ್ಟದಾಚೆಗೆ ಹೋಗಿದ್ದ ಚೀರಾಟ, ಗಿಟಾರಿನ ಸುತ್ತಲಿನ ಮಂಜು, ಎಲ್ಲ ಏನೆಂದು ಅವನಿಗೆ ಆಗ ಅರ್ಥವಾಯಿತು. ಮಾತಿಗೆ ಅನುಕೂಲವಾಗಲೆಂದು ಡಾಕ್ಟರು ಕೊಡಿಸಿದ ಕಿವಿಯ ಮಿಷನ್ನು ಹಾಕಿಕೊಂಡು ಹಾಡು ಕೇಳಿದ. ಗುಂಯ್ ಎಂದಿತು, ಅಷ್ಟೇ.

ಮುಂದಿನ ಭಾನುವಾರ ಮಿಷನ್ನನ್ನು ಜೇಬಿಗೆ ಹಾಕಿಕೊಂಡು ಬಂದ. "ಹೆಂಗಿದೆ ಹೇಳು," ಎಂದ. "ಅಮ್ಮ ಹೆಂಗ್ ಕರ್ದಿದಾಳೆ?"

ಶ್ರೀಶ ಫೋನನ್ನು ಕಿವಿಗೊತ್ತಿಕೊಂಡು ಕೇಳಿದ. ಅವನ ಎದುರು ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ. "ಮೂರು ಸಲ ಕರೀತಾರೆ. ಮೊದಲ್ನೇದು, ಎರಡು ಗಿಡ್ಡ ಒಂದು ಉದ್ದ. ಆಮೇಲೆ ಬಿಟ್ಟು, ಅದನ್ನೇ ಇನ್ನೂ ಜೋರಾಗಿ. ಮೂರನೇದು..."

"ಮೂರನೇದು?"

"ಹೆಸರು ಹಿಡಿದು ಕರೀತಾರೆ ಕಣೋ. ಸಿದ್ದೂ ಅಂತ. ಗಾಬರಿಯಾಗಿದಾರೆ."

ಶೆಡ್ಡಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವತ್ತು ಬೆನ್ನು ಮಾಡಿ ಕೂತವನು ಕೈ ಎತ್ತಿರಲಿಲ್ಲ. ಹೆಗಲು ಮುಟ್ಟಿ ಅವಳು ಮುಖ ನೋಡುತ್ತಾ ನಿಂತದ್ದು ನೆನಪಾಯಿತು. ಗುರವ್ವನ ಗೋಳೂ ನೆನಪಾಯಿತು. ಅಮ್ಮನಿಗೆ ಅವತ್ತೇ ಗೊತ್ತಾಗಿತ್ತು. ಹೇಳಿದರೆ ಇರುವ ಆ ಒಂದು ಹಾಡಿನ ಹುಚ್ಚನ್ನೂ ಕಿತ್ತುಕೊಂಡ ಹಾಗಾಗುತ್ತದೆಂದು ಬಾಯಿ ಬಿಡಲಿಲ್ಲ. ದಿನಾ ಸಂಜೆ ಅಡುಗೆಮನೆಯಿಂದ ಕೂಗಿ ನೋಡುತ್ತಿದ್ದಳು, ಇವತ್ತಾದರೂ ಕೈ ಎದ್ದೀತೆಂದು. ಏಳದಿದ್ದಾಗ ಬಂದು ಹೆಗಲು ಮುಟ್ಟುತ್ತಿದ್ದಳು.

ಸಿದ್ದೇಶ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಮುಖ ಒರೆಸಿಕೊಂಡು, "ಇನ್ನೊಂದ್ ಸಲ ಹಾಕು. ಅವ್ಳು ಕರ್ದಾಗ ನಂಗೆ ಹೇಳು," ಎಂದ.

ಶ್ರೀಶ ಹಾಡು ಹಾಕಿ ಪಕ್ಕದಲ್ಲಿ ಕೂತ. ಮಗ್ಗಗಳು ಓಡಿದವು. ಸ್ವಲ್ಪ ಹೊತ್ತಾದ ಮೇಲೆ ಅವನ ಹೆಗಲು ಮುಟ್ಟಿದ. ಸಿದ್ದೇಶ ಬಲಗೈ ಎತ್ತಿದ, ಎತ್ತಿಕೊಂಡೇ ಕೂತ. ಒಂದು ಗಳಿಗೆ ಬಿಟ್ಟು ಶ್ರೀಶ ಮತ್ತೆ ಹೆಗಲು ಮುಟ್ಟಬೇಕಾಯಿತು. ಅವಳು ಎರಡನೇ ಸಲ ಕರೆಯುತ್ತಿದ್ದಳು, ಇನ್ನೂ ಜೋರಾಗಿ.