ಓಖ್ಲಾದಲ್ಲಿ ಕೂತು ಹವಳ ಎಣಿಸಿದ್ದು

ಸಮುದ್ರದ ಆರೋಗ್ಯ ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿದ್ದು ದೆಹಲಿಯಲ್ಲಿ. ನಗಬೇಡಿ. ಓಖ್ಲಾದ ಕೈಗಾರಿಕಾ ಪ್ರದೇಶದಲ್ಲಿ, ಕೆಳಗೆ ರಫ್ತಿನ ಬಟ್ಟೆ ಹೊಲಿಯುವ ಕಾರ್ಖಾನೆ, ಮೇಲೆ ನಮ್ಮ ಕಚೇರಿ. ಹೊಲಿಗೆ ಯಂತ್ರಗಳ ಸದ್ದಿಗೆ ನೆಲ ಸಣ್ಣಗೆ ನಡುಗುತ್ತಿತ್ತು, ಹನ್ನೊಂದು ಗಂಟೆಯ ಮೇಲೆ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಅಂಥ ಜಾಗದಲ್ಲಿ ಕೂತು ಲಕ್ಷದ್ವೀಪದ ಕಡಲ ತಳದ ಯೋಗಕ್ಷೇಮ ವಿಚಾರಿಸುತ್ತಿದ್ದವಳು ನಾನು. ಹುಟ್ಟಿದ್ದು ಚಿತ್ರದುರ್ಗದ ಒಣ ನೆಲದಲ್ಲಿ. ಸಮುದ್ರಕ್ಕೆ ಇಳಿದದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ, ಅದೂ ಮೊಣಕಾಲಿನವರೆಗೆ.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು ಅವು. ದ್ವೀಪದಿಂದ ಸಿ.ಡಿ.ಗಳಲ್ಲಿ ಫೋಟೋ ಬರುತ್ತಿದ್ದವು. ಅಲ್ಲಿ ಒಬ್ಬ ಮುಳುಗುಗಾರ ನೀರಿನ ಕೆಳಗೆ ಹೋಗಿ ಹವಳದ ದಿಬ್ಬದ ಮೇಲೆ ಕೊಳವೆಯ ಚೌಕಟ್ಟೊಂದನ್ನು ಇಟ್ಟು ಫೋಟೋ ತೆಗೆಯುತ್ತಿದ್ದ. ಪ್ರತಿ ವರ್ಷವೂ ಅದೇ ಜಾಗ. ಗುರುತಿಗೆ ಕಬ್ಬಿಣದ ಗೂಟ ಹೊಡೆದಿದ್ದರು. ಇಲ್ಲಿ ನಮ್ಮ ಕಂಪ್ಯೂಟರು ಪ್ರತಿ ಫೋಟೋದ ಮೇಲೆ ಮನಸ್ಸಿಗೆ ಬಂದ ಕಡೆ ಐವತ್ತು ಚುಕ್ಕೆ ಚೆಲ್ಲುತ್ತಿತ್ತು. ಒಂದೊಂದು ಚುಕ್ಕೆಯ ಕೆಳಗೆ ಏನಿದೆ ಎಂದು ನಾವು ಬರೆಯಬೇಕು: ಜೀವಂತ ಹವಳ, ಬಿಳಿಚಿದ ಹವಳ, ಸತ್ತ ಹವಳ, ಬಂಡೆ, ಮರಳು. ಒಮ್ಮೆ ಚುಕ್ಕೆ ಮುಳುಗುಗಾರನ ಹೆಬ್ಬೆರಳಿನ ಮೇಲೇ ಬಿದ್ದಿತ್ತು. ಅದನ್ನು 'ಇತರೆ' ಎಂದು ಬರೆದೆವು.

ಒಬ್ಬರ ಕಣ್ಣನ್ನು ನಂಬುವ ಹಾಗಿಲ್ಲ ಎಂದು ಒಂದೇ ಫೋಟೋವನ್ನು ಇಬ್ಬರು ಬೇರೆ ಬೇರೆಯಾಗಿ ಓದಬೇಕೆಂಬ ನಿಯಮವಿತ್ತು. ನನ್ನ ಜೊತೆಗಾತಿ ನನಗಿಂತ ಐದು ವರ್ಷ ಚಿಕ್ಕವಳು. ಅಪ್ಪ ಅಮ್ಮ ಹುಬ್ಬಳ್ಳಿಯವರಾದರೂ ಅವಳು ಹುಟ್ಟಿ ಬೆಳೆದದ್ದು ದೆಹಲಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಮಾತಾಡುವಾಗ ಮಾತ್ರ ಹಿಂದಿ ನುಗ್ಗುತ್ತಿತ್ತು. ನಮ್ಮಿಬ್ಬರ ನಡುವೆ ಪ್ಲೈವುಡ್ಡಿನ ಅಡ್ಡಗೋಡೆ. ನಾವು ಬರೆದದ್ದು ಎಲ್ಲೆಲ್ಲಿ ಹೊಂದುವುದಿಲ್ಲವೋ ಆ ಚುಕ್ಕೆಗಳನ್ನೆಲ್ಲ ನಮ್ಮ ಮೇಡಮ್ಮು ಸಂಜೆ ಇಬ್ಬರನ್ನೂ ಕೂರಿಸಿಕೊಂಡು ಒಂದೊಂದಾಗಿ ವಿಚಾರಿಸುತ್ತಿದ್ದರು. ಅಷ್ಟರಲ್ಲಿ ನನ್ನ ಘಾಜಿಯಾಬಾದಿನ ಬಸ್ಸು ಹೋಗಿರುತ್ತಿತ್ತು. ಮೊದಲ ವಾರದಲ್ಲೇ ಎರಡು ಸಲ ತಪ್ಪಿತು.

ಮೂರನೆಯ ಸಲ ತಪ್ಪದಿರಲಿ ಎಂದು ನಾನೊಂದು ಉಪಾಯ ಹೂಡಿದೆ. ಮೇಡಮ್ಮು ಲಖನೌದವರು, ಇಡೀ ಕಚೇರಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅಡ್ಡಗೋಡೆ ಇರುವುದು ಕಣ್ಣಿಗೆ ತಾನೆ, ಬಾಯಿಗಲ್ಲವಲ್ಲ.

"ಅಕ್ಕಾ, ಒಂಬತ್ತನೇದು ಕ್ಯಾ ಹೈ?"

"ಮರಳು."

"ಅಚ್ಛಾ, ಹಾಗಿದ್ರೆ ನಂದೂ ಮರಳು."

ಕೇಳಿದವರಿಗೆ ಇವರು ಊರಿನ ಸುದ್ದಿ ಹೇಳಿಕೊಳ್ಳುತ್ತಿದ್ದಾರೆ ಅನ್ನಿಸಬೇಕು ಎಂದು ನಡುನಡುವೆ ನಗುತ್ತಲೂ ಇದ್ದೆವು. ನಮ್ಮ ಪಟ್ಟಿಗಳು ಅಣ್ಣತಮ್ಮಂದಿರಂತೆ ಹೊಂದಿಕೊಂಡವು. ಮೇಡಮ್ಮು ಸಭೆಗಳಲ್ಲಿ, ನನ್ನ ಹುಡುಗಿಯರಿಗೆ ಇರುವುದು ಒಂದೇ ಕಣ್ಣು ಎಂದು ಹೆಮ್ಮೆಯಿಂದ ಹೇಳತೊಡಗಿದರು. ಅದು ಅಪ್ಪಟ ಸತ್ಯ. ಆ ಒಂದು ಕಣ್ಣು ನನ್ನದು. ಅವಳು ಬೇರೆ ಏನಾದರೂ ಹೇಳಿದರೆ ಸೀನಿಯರ್ ಎಂಬ ಜಂಬದಲ್ಲಿ ನಾನು ಅವಳ ಬಾಯಿ ಮುಚ್ಚಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಸಮುದ್ರದ ನೀರು ಕಾದು ಬಿಸಿಯಾಗಿತ್ತು. ಮೇ ಕೊನೆಗೆ ಬಂದ ಸಿ.ಡಿ.ಯಲ್ಲಿ ಒಂದು ದಿಬ್ಬ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಇದ್ದ ಒಂದೇ ದೋಣಿಗೆ ಎಲ್ಲ ದಿಬ್ಬಗಳನ್ನೂ ಸುತ್ತಲು ಆಗುತ್ತಿರಲಿಲ್ಲವಾದ್ದರಿಂದ ಮುಂದಿನ ವರ್ಷ ಒಂದನ್ನು ಪಟ್ಟಿಯಿಂದ ಬಿಡುವುದೆಂದು ಮಾತಾಗಿತ್ತು. ಸತ್ತು ಹೋದ ದಿಬ್ಬವಿದ್ದರೆ ಅದನ್ನೇ ಬಿಡುವುದು. ಹಾಗೆ ಬಿಟ್ಟರೆ ಮತ್ತೆ ಅದರ ಕಡೆ ಯಾರೂ ತಲೆ ಹಾಕುವುದಿಲ್ಲ. ತೀರ್ಮಾನದ ಸಭೆ ಜೂನಿನ ಒಂದು ಮಧ್ಯಾಹ್ನ. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲವಾದ್ದರಿಂದ ಮುಳುಗುಗಾರನೂ ದ್ವೀಪದಿಂದ ಬಂದಿದ್ದ. ವರ್ಷದ ಬಹುಪಾಲು ನೀರಲ್ಲಿ ಇರುವ ಮನುಷ್ಯ ಆ ಬೆಳಿಗ್ಗೆ ದೆಹಲಿಯ ಸೆಕೆಗೆ ಬಾಡಿ, ನಮ್ಮ ಕೋಣೆಯ ಕೂಲರಿನ ಮುಂದೆ ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚಿದ್ದ. "ಭಯ್ಯಾ, ಪಾನಿ?" ಎಂದು ಕೇಳಿದ್ದೆ. "ಠೀಕ್ ಹೈ" ಎಂದಿದ್ದ, ಅಷ್ಟೆ. ದ್ವೀಪದವನೇ ಇರಬೇಕು ಎಂದುಕೊಂಡು ನಾವು ಕೊನೆಯ ಫೋಟೋಗಳಿಗೆ ಕೂತೆವು.

"ಅಕ್ಕಾ, ಹದಿನೇಳನೇದು?"

"ಸತ್ತದ್ದು."

"ಮುಝೇ ತೋ ಜೀವ ಇದೆ ಅನ್ನಿಸ್ತಿದೆ. ಬಿಳಿ ಇದೆ, ಲೇಕಿನ್ ಪಾಚಿ ಒಂಚೂರೂ ಇಲ್ಲ."

"ಬೆಳಿಗ್ಗೆಯಿಂದ ಬಿಳೀದಕ್ಕೆಲ್ಲ ಸತ್ತದ್ದು ಅಂತಲೇ ಹಾಕಿದೀವಿ. ಈಗ ನೀನು ರಾಗ ತೆಗೆದ್ರೆ ಎಲ್ಲಾ ಮತ್ತೆ ನೋಡ್ಬೇಕು. ಸುಮ್ನೆ ಹಾಕು, ಊಟದ ಹೊತ್ತಾಯ್ತು."

ಅವಳು ಹಾಕಿದಳು. ಆಗ ಕೂಲರಿನ ಕಡೆಯಿಂದ ಮಾತು ಬಂತು, ಅಚ್ಚ ಕನ್ನಡದಲ್ಲಿ.

"ಅದು ಸತ್ತಿಲ್ಲ, ತಂಗಿ."

ಆಸಾಮಿ ಭಟ್ಕಳದ ಕಡೆಯವನಂತೆ. ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಕನ್ನಡ ಬರುತ್ತದೆ ಎಂದು ಮೊದಲೇ ಹೇಳಲಿಕ್ಕೇನಾಗಿತ್ತು ಎಂದು ಕೇಳಿಯೂ ಬಿಟ್ಟೆ.

"ನೀವು ಹಿಂದಿಯಲ್ಲಿ ಕೇಳಿದ್ರಿ, ನಾನು ಹಿಂದಿಯಲ್ಲಿ ಹೇಳಿದೆ" ಎಂದು ಎದ್ದು ಬಂದು ನನ್ನ ಪರದೆಗೆ ಬೆರಳಿಟ್ಟ. "ಸತ್ತಿದ್ರೆ ಇಷ್ಟು ಹೊತ್ತಿಗೆ ಪಾಚಿ ಹತ್ತಿ ಕೊಳಕಾಗ್ತಿತ್ತು. ಇಷ್ಟು ಚೊಕ್ಕ ಬಿಳಿ ಇದೆ ಅಂದ್ರೆ ಬಣ್ಣ ಹೋಗಿದೆ, ಜೀವ ಹೋಗಿಲ್ಲ. ಹೊಟ್ಟೆಗಿಲ್ಲದೆ ಕೂತಿದೆ. ನೀರು ತಣ್ಣಗಾದ್ರೆ ಬದುಕಿದ್ರೂ ಬದುಕೀತು."

ಕೈಪಿಡಿಯಲ್ಲಿ ಇದಕ್ಕೊಂದು ಪುಟವೇ ಇತ್ತು. ಓದಿದ್ದೆ ಕೂಡ, ಒಂದು ಸಲ. ಆಗ ನಾಚಿಕೆ ಬಂತು. ಅರ್ಧ ಗಂಟೆಯ ಊಟಕ್ಕಾಗಿ ಒಂದು ಇಡೀ ದಿಬ್ಬವನ್ನು ನಾನು ಸಾಯಿಸಿ ಹೊರಟಿದ್ದೆ, ಸರಿಯಾಗಿ ನೋಡಿದ ಹುಡುಗಿಯ ಕೈಯಲ್ಲೇ ಬರೆಸಿ.

"ಅಣ್ಣಾ, ಮೇಡಮ್ಮಿಗೆ ಹೇಳ್ತೀರಾ?"

"ನನ್ನ ಕೆಲಸ ಮುಳುಗೋದು. ಹೇಳೋದು ನಿಮ್ಮದು" ಎಂದು ಅವನು ಮತ್ತೆ ಕೂಲರಿನ ಮುಂದೆ ಹೋಗಿ ಕೂತ.

ಜೊತೆಗಾತಿ ತಾನೂ ಬರುತ್ತೇನೆಂದಳು. ಬೇಡವೆಂದು ಒಬ್ಬಳೇ ಹೋದೆ. ಬಿಳಿ ಹವಳದ ವಿಷಯ ಹೇಳುವುದು ಸುಲಭವಿತ್ತು, ಕಣ್ತಪ್ಪು ಎಂದರೆ ಮುಗಿಯುತ್ತಿತ್ತು. ಅಡ್ಡಗೋಡೆಯ ವಿಷಯವನ್ನೂ ಹೇಳಿದೆ, ಉಪಾಯ ನನ್ನದೇ ಎಂದೂ. ಮೇಡಮ್ಮು ಪೆನ್ನಿಗೆ ಮುಚ್ಚಳ ಹಾಕಿಟ್ಟರು. ಯಾವಾಗಿನಿಂದ ಎಂದು ಕೇಳಿದರು. ಮೊದಲನೆಯ ಸಿ.ಡಿ.ಯಿಂದ ಎಂದೆ. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ, ಸಭೆಯನ್ನು ಒಂದೂವರೆ ತಿಂಗಳು ಮುಂದೂಡಿ, ಅಷ್ಟನ್ನೂ ಹೊಸದಾಗಿ ಓದಿ ಎಂದರು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಂತೆ ನನ್ನನ್ನು ಹಳೆ ಫೈಲುಗಳ ಕೋಣೆಗೆ ಹಾಕಿದರು. ಅಲ್ಲಿ ಫ್ಯಾನು ಕೂಡ ಇರಲಿಲ್ಲ.

ಈ ಸಲ ನಾವಿಬ್ಬರೂ ಸಿಕ್ಕಾಪಟ್ಟೆ ಭಿನ್ನವಾಗಿ ಬರೆದಿದ್ದೆವು. ಸಂಜೆಯ ವಿಚಾರಣೆಗಳಲ್ಲಿ ಹೆಚ್ಚಿನ ಸಲ ಗೆದ್ದವಳು ಅವಳೇ, ನನ್ನ ಬಸ್ಸು ದಿನಾ ತಪ್ಪಿತು. ದಿಬ್ಬ ಪಟ್ಟಿಯಲ್ಲಿ ಉಳಿಯಿತು.

ಮರುವರ್ಷ ಅದರ ಫೋಟೋ ಬಂದಾಗ ಎಲ್ಲಕ್ಕಿಂತ ಮೊದಲು ಅದನ್ನೇ ತೆರೆದೆ. ಗೂಟ ಅಲ್ಲೇ ಇತ್ತು. ಅರ್ಧದಷ್ಟು ಹವಳಕ್ಕೆ ಬಣ್ಣ ತಿರುಗಿ ಬಂದಿತ್ತು, ಮಾಸಲು ಕಂದು. ಅಷ್ಟು ಚೆಂದದ ಬಣ್ಣವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಉಳಿದರ್ಧದ ಮೇಲೆ ಹಸಿರು ಪಾಚಿ ದಟ್ಟವಾಗಿ ಹಬ್ಬಿತ್ತು. ಚುಕ್ಕೆಗಳು ಎರಡರ ಮೇಲೂ ಬಿದ್ದವು. ಕಂದಿನ ಮೇಲೆ ಬಿದ್ದವಕ್ಕೆ 'ಜೀವಂತ' ಎಂದು ಬರೆಯುತ್ತ ಹೋದೆ. ಪಾಚಿಯ ಅಂಚಿನಲ್ಲಿ ಬಿದ್ದ ಒಂದನ್ನು ದೊಡ್ಡದು ಮಾಡಿ, ತಿರುಗಿಸಿ, ಕಣ್ಣಿಗೆ ಹತ್ತಿರ ತಂದು ನೋಡಿದೆ, ಒಂದಿಷ್ಟಾದರೂ ಬಿಳಿ ಉಳಿದಿದೆಯೇ ಎಂದು. ಆಮೇಲೆ 'ಸತ್ತದ್ದು' ಎಂದು ಬರೆದೆ. ಈ ಸಲ ಅದು ನಿಜವಾಗಿಯೂ ಸತ್ತಿತ್ತು.