ಕಣವಿದ್ದವರ ಕಂಪನಿ

ಮೊನ್ನೆ ಸುಂಟಿಕೊಪ್ಪದಲ್ಲಿ ಬಸ್ಸಿಳಿದಾಗ ಎಲ್ಲಿಂದಲೋ ಒಣಗುತ್ತಿದ್ದ ಕಾಫಿ ಹಣ್ಣಿನ ಹುಳಿವಾಸನೆ ಬಂತು. ಪಕ್ಕದ ತೋಟದ ಮಾವ ನೆನಪಾದರು.

ಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ಎಲ್ಲರೂ ಕರೆಯುವಂತೆ ನಾನೂ ಮಾವ ಎನ್ನುತ್ತಿದ್ದೆ. ರಸ್ತೆ ಬದಿಯಲ್ಲಿ ಅವರ ತಂದೆ ಹಾಕಿಸಿದ ಸಿಮೆಂಟಿನ ಕಣವಿತ್ತು. ನನ್ನ ಎರಡೆಕರೆಗೆ ಕಣವಿಲ್ಲ. ಪ್ರತಿವರ್ಷ ನನ್ನ ಕಾಫಿ ಒಣಗುತ್ತಿದ್ದುದು ಅವರ ಕಣದ ಒಂದು ಮೂಲೆಯಲ್ಲಿ, ಬಿಟ್ಟಿಯಾಗಿ.

ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ನಾವಿಬ್ಬರೂ ಮೊಬೈಲಿನಲ್ಲಿ ವಿದೇಶದ ಷೇರು ಕೊಳ್ಳಲು ಕಲಿತೆವು. ಕಂಪ್ಯೂಟರಿನ ಚಿಪ್ ಮಾಡುವ ಎರಡು ಕಂಪನಿಗಳು. ಒಂದು ಹಳೆಯದು, ಅದಕ್ಕೆ ಸ್ವಂತ ಕಾರ್ಖಾನೆಗಳಿದ್ದವು. ಇನ್ನೊಂದು ಚಿಪ್ಪಿನ ನಕ್ಷೆ ಮಾತ್ರ ಬರೆದು, ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸುತ್ತಿತ್ತು. ಮಾವ ಹಳೆಯದನ್ನು ಹಿಡಿದರು, ನಾನು ಇನ್ನೊಂದನ್ನು. ಯಾವುದು ಏರುತ್ತದೆಂದು ಕಾಫಿ ವ್ಯಾಪಾರಿಯ ಅಂಗಡಿ ಬೆಂಚಿನ ಮೇಲೆ ದಿನಾ ಜಗಳ. ವ್ಯಾಪಾರಿ ತೂಕ ಬಿಟ್ಟು ನಮ್ಮನ್ನೇ ನೋಡುತ್ತಿದ್ದ.

"ಸ್ವಂತ ಕಣ ಇಲ್ಲದವ ಎಂಥ ಬೆಳೆಗಾರ ಮಾರಾಯ? ನಿನ್ನ ಕಂಪನಿಯದ್ದೂ ಅದೇ ಕತೆ," ಎಂದರು ಒಂದು ದಿನ. ಆ ಮಾತಿನಲ್ಲಿ ಕೊಂಕಿರಲಿಲ್ಲ ಎಂದು ಈಗ ಗೊತ್ತು. ಆದರೆ ಬೆಂಚಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ನನ್ನ ಷೇರು ಏರತೊಡಗಿತು, ಅವರದು ಇಳಿಯಿತು. ಬೆಲೆ ಬರುವವರೆಗೆ ಕಾಫಿ ಮೂಟೆಗಳನ್ನು ಮನೆಯೊಳಗೇ ಇಟ್ಟು ಕಾದು ಅಭ್ಯಾಸವಾದ ಜೀವ, ಷೇರನ್ನೂ ಹಾಗೆಯೇ ಹಿಡಿದು ಕೂತರು. ಗೆದ್ದದ್ದು ನನಗೆ ಸಾಲಲಿಲ್ಲ. "ಅಷ್ಟು ನಂಬಿಕೆ ಇದ್ರೆ ಕಣ ಮಾರಿ ಆ ದುಡ್ಡನ್ನೂ ಅದಕ್ಕೇ ಹಾಕಿ ಮಾವ, ನೋಡುವ," ಎಂದೆ ಎಲ್ಲರ ಮುಂದೆ. ಈ ಸಲ ಜನ ನಕ್ಕಿದ್ದು ಅವರನ್ನು ನೋಡಿ.

"ಹಾಕ್ತೇನೆ," ಎಂದರು.

ಪಕ್ಕದ ಹೋಂಸ್ಟೇಯವರು ಕಾರು ನಿಲ್ಲಿಸಲು ಆ ಜಾಗಕ್ಕೆ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ರಿಜಿಸ್ಟ್ರಿಗೆ ಇನ್ನೂ ಎರಡು ವಾರವಿತ್ತು. ಬೇಡ ಮಾವ, ತಮಾಷೆಗೆ ಅಂದೆ ಎಂದು ಹೇಳಬಹುದಿತ್ತು. ದಿನಾ ಅವರ ಗೇಟಿನ ಮುಂದೆಯೇ ಹೋಗುತ್ತಿದ್ದೆ... ಹೇಳಲಿಲ್ಲ. ಅವರೇ ಬಂದು ಸೋತೆ ಎನ್ನಲಿ ಎಂಬ ಹಠ ನನಗೆ.

ಕಣ ಮಾರಿದ ದುಡ್ಡೂ ಅವರ ಷೇರಿಗೆ ಹೋಯಿತು, ಅದು ಇನ್ನಷ್ಟು ಕುಸಿಯಿತು. ಮರುವರ್ಷ ಮಾವ ಹಸಿ ಹಣ್ಣನ್ನೇ ಸಿಕ್ಕಿದ ಬೆಲೆಗೆ ಮಾರಿದರು. ನಾನೂ ಅಷ್ಟೆ. ಅಂಗಡಿಯಲ್ಲಿ ಎದುರಾದರೆ ಅವರು ಮೂಟೆಗಳ ಕಡೆ ತಿರುಗುತ್ತಿದ್ದರು. ಅದಾಗಿ ಎರಡನೆಯ ಮಳೆಗಾಲದಲ್ಲಿ ಹೋಗಿಬಿಟ್ಟರು. ಆಸ್ಪತ್ರೆ ಖರ್ಚಿಗೆಂದು ಷೇರೆಲ್ಲ ಬಂದಷ್ಟಕ್ಕೆ ಮಾರಬೇಕಾಯಿತು ಎಂದು ಅತ್ತೆ ಆಮೇಲೆ ಹೇಳಿದರು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲೇ ನಿಂತು ಮೊಬೈಲ್ ತೆಗೆದೆ. ಮಾವನ ಕಂಪನಿ ಏರಿತ್ತು, ಅವರು ಕೊಂಡ ಬೆಲೆಯನ್ನೂ ದಾಟಿ. ನೀವು ಹೇಳಿದ್ದೇ ಸರಿ ಮಾವ, ಎನ್ನಲು ಈಗ ನನಗೆ ಯಾವ ನಾಚಿಕೆಯೂ ಇಲ್ಲ. ಕೇಳುವವರಿಲ್ಲ.

ಮನೆಗೆ ಬರುವಾಗ ಆ ಕಣದ ಮೇಲೆ ಎರಡು ಕಾರುಗಳು ನಿಂತಿದ್ದವು. ನನ್ನ ಕಾಫಿ ಒಣಗುತ್ತಿದ್ದ ಮೂಲೆಯಲ್ಲಿ ಯಾರೋ ಡ್ರೈವರ್ ಕಾರಿನ ಮ್ಯಾಟ್ ತೊಳೆದು ಬಿಸಿಲಿಗೆ ಹಾಕುತ್ತಿದ್ದ.